ಕಮಾನಿನ ಆಚೆಗೂ ಒಂದು ಊರಿದೆ

ಮಿಸಿಸಿಪ್ಪಿ ನದಿಯ ದಂಡೆಯಲ್ಲಿರುವ ಊರುಗಳನ್ನು ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರವನ್ನೇ ಹಿಡಿದು ಕೇಳಿವೆ. ಅವುಗಳಲ್ಲಿ ಆರು ಪ್ರಶ್ನೆಗಳನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳು ಮತ್ತು ಅಳಿಯ ಸೇಂಟ್ ಲೂಯಿಸ್‌ನಲ್ಲಿದ್ದಾರೆ. ಈ ಸಲ ಎರಡು ತಿಂಗಳು ಅಲ್ಲಿರಲು ಹೊರಟಿದ್ದೇನೆ. "ನದಿ ದಂಡೆಯ ದೊಡ್ಡ ಕಮಾನೊಂದನ್ನು ನೋಡಿದರೆ ಊರು ನೋಡಿದ ಹಾಗೆಯೇ ಅಮ್ಮಾ" ಎಂದು ಮಗಳು ಹೇಳುತ್ತಾಳೆ. ನಾನು ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು, ನನಗೆ ಅಷ್ಟು ಸಾಲದು. ಎಲ್ಲಿಂದ ಆರಂಭಿಸಲಿ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ನದಿಯಿಂದ ಆರಂಭಿಸಿ. ಗೇಟ್‌ವೇ ಆರ್ಚ್ ಎಂಬ ಆ ಉಕ್ಕಿನ ಕಮಾನಿನ ಕೆಳಗಿನ ಅಗಲವಾದ ಮೆಟ್ಟಿಲುಗಳನ್ನು ಇಳಿದು ಹೋದರೆ ಕಲ್ಲು ಹಾಸಿದ ಇಳಿಜಾರು ದಂಡೆ ಸಿಗುತ್ತದೆ. ಉಗಿದೋಣಿಗಳ ಕಾಲದಲ್ಲಿ ಹತ್ತಿಯ ಅಂಡಿಗೆಗಳು, ತೊಗಲು, ಧಾನ್ಯ, ವಲಸೆ ಬಂದ ಜನ ಎಲ್ಲವೂ ಇಳಿಯುತ್ತಿದ್ದದ್ದು ಈ ಕಲ್ಲುಗಳ ಮೇಲೆಯೇ. ಕಲ್ಲುಗಳು ನುಣುಪಾಗಿ, ಏರುಪೇರಾಗಿವೆ, ನಡೆಯುವಾಗ ಮಗಳ ಕೈ ಹಿಡಿದುಕೊಳ್ಳಿ. ನದಿ ಉಕ್ಕಿದಾಗ ಈ ಭಾಗಕ್ಕೆ ಹೋಗಲು ಬಿಡುವುದಿಲ್ಲ. 1993ರ ಮಹಾಪೂರದಲ್ಲಿ ನೀರಿನ ಮಟ್ಟ ಇಲ್ಲಿ 49 ಅಡಿ ದಾಟಿ, ದಂಡೆಯ ರಸ್ತೆ ಮುಳುಗಿ, ಆ ಮೆಟ್ಟಿಲುಗಳನ್ನೂ ಏರಿತ್ತು. ಪ್ರವಾಹದ ಮಟ್ಟವೆಂದು ಗುರುತಿಸಿರುವುದು 30 ಅಡಿ ಎಂಬುದನ್ನು ನೆನೆದರೆ ಆ ನೀರಿನ ಬಲ ಎಂಥದ್ದೆಂದು ಅಂದಾಜಾಗುತ್ತದೆ.

ಇತಿಹಾಸದ ಶಿಕ್ಷಕಿಯಾದ ನಿಮಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಮಾನು ನಿಂತಿರುವ ಹಸಿರು ಹುಲ್ಲುಹಾಸು ಹಿಂದೆ ಖಾಲಿ ಜಾಗವಾಗಿರಲಿಲ್ಲ, ಊರು ಹುಟ್ಟಿದ್ದೇ ಅಲ್ಲಿ. ನ್ಯೂ ಆರ್ಲಿಯನ್ಸ್‌ನಿಂದ ಬಂದ ಫ್ರೆಂಚ್ ವ್ಯಾಪಾರಿ ಪಿಯೇರ್ ಲಾಕ್ಲೀಡ್ ಪ್ರವಾಹ ಸುಲಭವಾಗಿ ತಲುಪದ ಈ ದಿಬ್ಬವನ್ನು ಆರಿಸಿದ. 1764ರ ಫೆಬ್ರವರಿಯಲ್ಲಿ ಅವನ ಕೈಕೆಳಗಿನ ಹದಿಹರೆಯದ ಹುಡುಗ ಆಗಸ್ಟ್ ಶೂಟೋ ಆಳುಗಳನ್ನು ಕರೆದುಕೊಂಡು ಬಂದು ಇಲ್ಲಿ ಮನೆಗಳನ್ನು ಎಬ್ಬಿಸತೊಡಗಿದ. ತೊಗಲಿನ ವ್ಯಾಪಾರದಿಂದ ಬೆಳೆದ ಊರು ಸ್ಪೇನಿನ ಆಡಳಿತ ಕಂಡು, 1804ರ ಮಾರ್ಚ್‌ನಲ್ಲಿ ಅಮೆರಿಕದ ಕೈಗೆ ಬಂದಿತು. 1849ರಲ್ಲಿ ದಂಡೆಗೆ ಕಟ್ಟಿದ್ದ ಉಗಿದೋಣಿಯೊಂದರಲ್ಲಿ ಹತ್ತಿಕೊಂಡ ಬೆಂಕಿ ಇಪ್ಪತ್ತಕ್ಕೂ ಹೆಚ್ಚು ದೋಣಿಗಳನ್ನೂ ನಾನೂರಕ್ಕೂ ಹೆಚ್ಚು ಕಟ್ಟಡಗಳನ್ನೂ ಸುಟ್ಟಿತಾದರೂ ಊರು ಮತ್ತೆ ಎದ್ದು ನಿಂತಿತು. ಬೆಂಕಿಗೆ ಉಳಿದದ್ದು ಯೋಜನೆಗೆ ಉಳಿಯಲಿಲ್ಲ: ಪಶ್ಚಿಮಕ್ಕೆ ಹರಡಿದ ರಾಷ್ಟ್ರದ ಸ್ಮಾರಕ ಕಟ್ಟುತ್ತೇವೆಂದು 1939ರಿಂದ ದಂಡೆಯ ಸುಮಾರು ನಲವತ್ತು ಬೀದಿಚೌಕಗಳನ್ನು ಕೆಡವಿ ಸಮ ಮಾಡಿದರು. ಆ ಮೇಲೆ ಸುಮಾರು ಎರಡು ದಶಕ ಆ ಜಾಗ ಬಹುಪಾಲು ಕಾರು ನಿಲ್ಲಿಸುವ ಬಯಲಾಗಿಯೇ ಇತ್ತು. ಕೊನೆಗೆ ಎದ್ದ ಆ ಸ್ಮಾರಕವೇ ಈ ಕಮಾನು.

ಆ ಬಯಲಿನಲ್ಲಿ ಉಳಿದುಕೊಂಡ ಮುಖ್ಯ ಕಟ್ಟಡವೆಂದರೆ 1834ರಲ್ಲಿ ಪೂರ್ಣಗೊಂಡ ಹಳೆಯ ಕ್ಯಾಥೆಡ್ರಲ್. ಕಮಾನಿನ ದಕ್ಷಿಣದ ಕಾಲಿಗೆ ಹತ್ತಿರದಲ್ಲಿ, ಮುಂದೆ ಕಲ್ಲಿನ ಕಂಬಗಳನ್ನಿಟ್ಟುಕೊಂಡು, ಗಲಾಟೆಯಿಲ್ಲದೆ ನಿಂತಿದೆ. ಕಮಾನಿನ ಹೊಳಪಿಗೆ ಕಣ್ಣು ಕೊಟ್ಟವರು ಇದನ್ನು ದಾಟಿ ಹೋಗಿಬಿಡುತ್ತಾರೆ. ನೀವು ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಊರಿನ ಮೊದಲ ಬೀದಿಗಳು ಎಲ್ಲಿದ್ದವು ಎಂಬುದಕ್ಕೆ ಈಗ ನೆಲದ ಮೇಲೆ ನಿಂತಿರುವ ಸಾಕ್ಷಿ ಅದೊಂದೇ ಎನ್ನಬಹುದು. ದಂಡೆ, ಕ್ಯಾಥೆಡ್ರಲ್, ಹಳೆಯ ನ್ಯಾಯಾಲಯ, ಕೊನೆಗೆ ಕಮಾನು, ಈ ಕ್ರಮದಲ್ಲಿ ನೋಡಿದರೆ ಏನನ್ನು ಕಳೆದುಕೊಂಡು ಏನನ್ನು ಕಟ್ಟಿದರು ಎಂಬುದು ತಾನಾಗಿ ತಿಳಿಯುತ್ತದೆ. ಕಮಾನನ್ನು ಮೊದಲು ಹತ್ತಿ ಇಳಿದವರಿಗೆ ಉಳಿದದ್ದೆಲ್ಲ ಚಿಕ್ಕದಾಗಿ ಕಾಣುತ್ತದೆ.

ಪ್ರಶ್ನೆ: ಕಮಾನಿನ ತುದಿಗೆ ಹೋಗಲು ಲಿಫ್ಟ್ ಇದೆಯಂತೆ. ನನಗೆ ಮಂಡಿನೋವು, ನನ್ನ ಯಜಮಾನರಿಗೆ ಇಕ್ಕಟ್ಟಿನ ಜಾಗವೆಂದರೆ ಭಯ. ನಾವು ಹೋಗಬಹುದೇ?
– ಗೃಹಿಣಿ, ತುಮಕೂರು

ಉತ್ತರ: ಅದು ನಮಗೆ ಪರಿಚಯವಿರುವ ಲಿಫ್ಟ್ ಅಲ್ಲ. ಬಾಗಿದ ಕಾಲಿನೊಳಗೆ ನೇರವಾದ ಲಿಫ್ಟ್ ಓಡುವುದಿಲ್ಲವಾದ್ದರಿಂದ ಡಿಕ್ ಬೌಸರ್ ಎಂಬವರು ಜಾತ್ರೆಯ ತಿರುಗುತೊಟ್ಟಿಲನ್ನೂ ಲಿಫ್ಟನ್ನೂ ಕೂಡಿಸಿದಂಥ ಒಂದು ಟ್ರಾಮ್ ಅನ್ನು ರೂಪಿಸಿದರು. ಇಂಜಿನಿಯರಿಂಗ್ ಪದವಿ ಇಲ್ಲದ ಅವರಿಗೆ ಅದಕ್ಕೆ ಸಿಕ್ಕಿದ್ದು ಎರಡು ವಾರ ಮಾತ್ರ. ಒಂದು ಟ್ರಾಮ್‌ಗೆ ಎಂಟು ಗೂಡುಗಳು, ಒಂದು ಗೂಡಿನಲ್ಲಿ ಐದು ಆಸನಗಳು. ಬಾಗಿಲು ಗಿಡ್ಡ, ಬಗ್ಗಿಯೇ ಒಳಹೋಗಬೇಕು, ಕುಳಿತರೆ ಎದುರಿನವರ ಮಂಡಿಗೆ ನಿಮ್ಮ ಮಂಡಿ ತಾಗುತ್ತದೆ. ಮೇಲೇರಲು 4 ನಿಮಿಷ, ಇಳಿಯಲು 3 ನಿಮಿಷ. ದಾರಿಯುದ್ದಕ್ಕೂ ಗೂಡು ಆಗಾಗ ಕಟಕಟ ಸದ್ದು ಮಾಡಿ ಸ್ವಲ್ಪ ಹೊರಳಿ ತನ್ನನ್ನು ಸಮ ಮಾಡಿಕೊಳ್ಳುತ್ತದೆ. ಬಾಗಿಲಿನ ಗಾಜಿನಿಂದ ಕಮಾನಿನ ಒಳಗಿನ ಉಕ್ಕಿನ ಮೆಟ್ಟಿಲುಗಳು ಕೆಳಗೆ ಜಾರಿಹೋಗುವುದು ಕಾಣುತ್ತದೆ. ನನ್ನ ಜೊತೆ ಬಂದಿದ್ದ ಹಿರಿಯರೊಬ್ಬರು ಆ ಗಾಜನ್ನೇ ನೋಡುತ್ತ ಕುಳಿತು ನಾಲ್ಕು ನಿಮಿಷವನ್ನು ನಿಭಾಯಿಸಿದರು. ನಿಮ್ಮ ಯಜಮಾನರು ಮನಸ್ಸು ಮಾಡಿದರೆ ಬಾಗಿಲಿಗೆ ಎದುರಾದ ಆಸನದಲ್ಲೇ ಕುಳಿತುಕೊಳ್ಳಲಿ. ಆದರೆ ಒತ್ತಾಯ ಮಾಡಬೇಡಿ, ನಡುವೆ ಇಳಿಯುವ ಹಾಗಿಲ್ಲ.

ಮಂಡಿಯ ವಿಷಯವೇ ಹೆಚ್ಚು ಯೋಚಿಸಬೇಕಾದದ್ದು. ಟ್ರಾಮ್ ಹತ್ತುವ ಮೊದಲು ಮತ್ತು ಇಳಿದ ಮೇಲೆ ಹತ್ತಿಳಿಯಬೇಕಾದ ಮೆಟ್ಟಿಲುಗಳು ಎಲ್ಲ ಸೇರಿ ಸುಮಾರು ನೂರಾಗುತ್ತವೆ. ಗಾಲಿಕುರ್ಚಿಯಲ್ಲಿ ತುದಿಯವರೆಗೆ ಹೋಗಲು ಸಾಧ್ಯವಿಲ್ಲ. ತುದಿಯಲ್ಲಿ ನೆಲವೂ ಕಮಾನಿನಂತೆಯೇ ಬಾಗಿದೆ. ಕಿಟಕಿಗಳು ಒಂದೊಂದು ಬದಿಗೆ ಹದಿನಾರು, ಒಂದೊಂದೂ 7 ಅಂಗುಲ ಎತ್ತರ ಮತ್ತು 27 ಅಂಗುಲ ಅಗಲದ ಸೀಳಿನಂತಿದೆ. ಇಳಿಜಾರು ಗೋಡೆಯ ಮೇಲೆ ಹೊಟ್ಟೆಯಾನಿಸಿ ಬಗ್ಗಿ ನೋಡಬೇಕು. ಪೂರ್ವಕ್ಕೆ ನದಿ ಮತ್ತು ಇಲಿನಾಯ್ ರಾಜ್ಯ, ಪಶ್ಚಿಮಕ್ಕೆ ನ್ಯಾಯಾಲಯದ ಗುಮ್ಮಟ ಮತ್ತು ಊರು. ಗಾಳಿ ಬಲವಾಗಿ ಬೀಸಿದಾಗ ಕಮಾನು ಸ್ವಲ್ಪ ಅಲುಗಾಡಿದಂತೆ ಅನ್ನಿಸಬಹುದು. ಹಾಗೆ ತೊನೆಯುವಂತೆಯೇ ಅದನ್ನು ರೂಪಿಸಿದ್ದಾರೆ, ಹೆದರಬೇಡಿ.

ನೀವು ಕೆಳಗೇ ಉಳಿಯುವುದೆಂದು ತೀರ್ಮಾನಿಸಿದರೂ ನಷ್ಟವಿಲ್ಲ. ಕಮಾನಿನ ಕೆಳಗೆ ನೆಲದಡಿಯಲ್ಲಿರುವ ವಸ್ತುಸಂಗ್ರಹಾಲಯ 2018ರಲ್ಲಿ ಹೊಸದಾಗಿ ತೆರೆದದ್ದು, ಪ್ರವೇಶ ಉಚಿತ, ಗಾಲಿಕುರ್ಚಿಗೂ ಅನುಕೂಲವಿದೆ. ಟ್ರಾಮ್‌ಗೆ ಟಿಕೆಟ್ ಬೇಕು, ಅದನ್ನು ಮುಂಚೆಯೇ ಕಾಯ್ದಿರಿಸುವುದು ಲೇಸು. ವಿಮಾನ ನಿಲ್ದಾಣದಲ್ಲಿರುವಂಥ ತಪಾಸಣೆ ಇರುವುದರಿಂದ ಸಮಯಕ್ಕಿಂತ ಮುಂಚಿತವಾಗಿ ಹೋಗಿ.

ಪ್ರಶ್ನೆ: ಕಾನೂನು ಕಾಲೇಜಿನಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯ ಬಗ್ಗೆ ಓದಿದ್ದೆ. ಅದು ಆರಂಭವಾದ ನ್ಯಾಯಾಲಯವನ್ನು ಇಂದಿಗೂ ನೋಡಬಹುದೇ? ಅಲ್ಲಿ ನೋಡುವಂಥದ್ದು ಏನಿದೆ?
– ವಕೀಲರು, ಮೈಸೂರು

ಉತ್ತರ: ನೋಡಬಹುದು. ಸೇಂಟ್ ಲೂಯಿಸ್‌ನಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯವಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಕಮಾನನ್ನಲ್ಲ, ಈ ಹಳೆಯ ನ್ಯಾಯಾಲಯವನ್ನು. ಹಲವು ವರ್ಷಗಳ ದುರಸ್ತಿಯ ನಂತರ 2025ರಲ್ಲಿ ಅದು ಮತ್ತೆ ತೆರೆದಿದೆ.

ಡ್ರೆಡ್ ಸ್ಕಾಟ್ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವರು. ಸೈನ್ಯದ ವೈದ್ಯ ಜಾನ್ ಎಮರ್ಸನ್ ಅವರನ್ನು ಕೊಂಡು, ಗುಲಾಮಗಿರಿಗೆ ಅವಕಾಶವಿಲ್ಲದ ಇಲಿನಾಯ್‌ಗೂ, ಆ ನಂತರ ಉತ್ತರದ ಸ್ನೆಲಿಂಗ್ ಕೋಟೆಗೂ ಕರೆದೊಯ್ದ. ಆ ಕೋಟೆಯಲ್ಲೇ ಡ್ರೆಡ್ ಹ್ಯಾರಿಯೆಟ್‌ರನ್ನು ಮದುವೆಯಾದರು. ಸ್ವತಂತ್ರ ನೆಲದಲ್ಲಿ ವಾಸಿಸಿದವರು ಸ್ವತಂತ್ರರೇ ಎಂದು ಮಿಸೌರಿಯ ನ್ಯಾಯಾಲಯಗಳು ಆಗಲೇ ಎಷ್ಟೋ ಸಲ ತೀರ್ಪು ಕೊಟ್ಟಿದ್ದವು. ಸೇಂಟ್ ಲೂಯಿಸ್ ಒಂದರಲ್ಲೇ ಗುಲಾಮರು ಬಿಡುಗಡೆ ಕೇಳಿ ಹೂಡಿದ ದಾವೆಗಳು ಮುನ್ನೂರಕ್ಕೂ ಹೆಚ್ಚು ಎಂಬುದನ್ನು ವಕೀಲರಾದ ನೀವು ಗಮನಿಸಬೇಕು. ಆ ನಂಬಿಕೆಯಿಂದಲೇ ಗಂಡಹೆಂಡಿರಿಬ್ಬರೂ 1846ರ ಏಪ್ರಿಲ್ 6ರಂದು, ಅಷ್ಟರಲ್ಲಿ ತೀರಿಕೊಂಡಿದ್ದ ಎಮರ್ಸನ್‌ನ ಹೆಂಡತಿಯ ಮೇಲೆ ದಾವೆ ಹೂಡಿದರು. 1847ರ ವಿಚಾರಣೆಯಲ್ಲಿ ಸಾಕ್ಷ್ಯದ ತಾಂತ್ರಿಕ ದೋಷದಿಂದ ಸೋತರು. 1850ರ ಮರುವಿಚಾರಣೆಯಲ್ಲಿ ಗೆದ್ದರು. ಎರಡು ವಿಚಾರಣೆಗಳೂ ನಡೆದದ್ದು ಈ ಕಟ್ಟಡದಲ್ಲಿ. 1852ರಲ್ಲಿ ಮಿಸೌರಿಯ ಸರ್ವೋಚ್ಚ ನ್ಯಾಯಾಲಯ ತನ್ನದೇ ಹಳೆಯ ತೀರ್ಪುಗಳನ್ನು ಬದಿಗಿಟ್ಟು ಆ ಗೆಲುವನ್ನು ಕಿತ್ತುಕೊಂಡಿತು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ 1857ರ ಮಾರ್ಚ್ 6ರಂದು, ಏಳು ಮಂದಿ ಒಂದು ಕಡೆ, ಇಬ್ಬರು ಇನ್ನೊಂದು ಕಡೆ, ಆಫ್ರಿಕಾ ಮೂಲದ ಕಪ್ಪುಜನ ಅಮೆರಿಕದ ನಾಗರಿಕರಾಗಲಾರರು ಎಂಬ ತೀರ್ಪು ಕೊಟ್ಟಿತು. ನಾಲ್ಕು ವರ್ಷಗಳಲ್ಲಿ ದೇಶ ಅಂತರ್ಯುದ್ಧಕ್ಕೆ ಇಳಿಯಿತು.

ಅದೇ ಕಟ್ಟಡದ ಹೊರಮೆಟ್ಟಿಲುಗಳ ಮೇಲೆ, ತೀರಿಕೊಂಡವರ ಆಸ್ತಿ ವಿಲೇವಾರಿಯ ಭಾಗವಾಗಿ ಮನುಷ್ಯರನ್ನೇ ಹರಾಜು ಹಾಕುತ್ತಿದ್ದರು. ಒಳಗೆ ಬಿಡುಗಡೆಯ ದಾವೆ, ಹೊರಗೆ ಹರಾಜಿನ ಕೂಗು. ಒಳಗೆ ಹೋಗುವ ಮೊದಲು ಆ ಮೆಟ್ಟಿಲುಗಳ ಬಳಿ ಒಂದು ಕ್ಷಣ ನಿಲ್ಲಿ ಎಂಬುದು ನನ್ನ ಕೋರಿಕೆ. ಹೊರಗೆ ಡ್ರೆಡ್ ಮತ್ತು ಹ್ಯಾರಿಯೆಟ್ ಕೈಕೈ ಹಿಡಿದು ನಿಂತ ಕಂಚಿನ ಪ್ರತಿಮೆಯಿದೆ, ಅದು 2012ರದ್ದು. ಹ್ಯಾರಿಯೆಟ್‌ರನ್ನು ಬರಿಯ ಹೆಂಡತಿಯಾಗಿ ಅಲ್ಲ, ದಾವೆ ಹೂಡಿದ ಕಕ್ಷಿದಾರಳಾಗಿಯೇ ನಿಲ್ಲಿಸಿರುವುದು ನನಗೆ ಬಹಳ ಸರಿಯೆನ್ನಿಸುತ್ತದೆ. ಒಳಗಿನ ಗುಮ್ಮಟದ ಅಡಿಯಲ್ಲಿ ನಿಂತು ತಲೆಯೆತ್ತಿದರೆ ಒಂದರ ಮೇಲೊಂದು ಸುತ್ತಿದ ಮೊಗಸಾಲೆಗಳು, ಅವುಗಳ ಮೇಲೆ ಬಣ್ಣದ ಚಿತ್ರಗಳು ಕಾಣುತ್ತವೆ. ಎರಕದ ಕಬ್ಬಿಣದ ಆ ಗುಮ್ಮಟ ಮುಗಿದದ್ದು 1862ರಲ್ಲಿ, ಅಂದರೆ ಡ್ರೆಡ್ ಸ್ಕಾಟ್ ಅದನ್ನು ಈಗಿನ ರೂಪದಲ್ಲಿ ಕಂಡವರಲ್ಲ. ಮಹಿಳೆಯರ ಮತದಾನದ ಹಕ್ಕಿಗಾಗಿ ವರ್ಜೀನಿಯಾ ಮೈನರ್ 1872ರಲ್ಲಿ ಮೊಕದ್ದಮೆ ಹೂಡಿದ್ದೂ ಇದೇ ನ್ಯಾಯಾಲಯದಲ್ಲಿ. ಸುಪ್ರೀಂ ಕೋರ್ಟಿನಲ್ಲಿ 1875ರಲ್ಲಿ ಅವರೂ ಸೋತರು.

ತೀರ್ಪು ಬಂದ ಎರಡೂವರೆ ತಿಂಗಳಿಗೆ, ಡ್ರೆಡ್‌ರ ಮೊದಲ ಒಡೆಯನ ಮಗ ಟೇಲರ್ ಬ್ಲೋ ಆ ಕುಟುಂಬಕ್ಕೆ ಬಿಡುಗಡೆ ಕೊಟ್ಟ. ಡ್ರೆಡ್ ಒಂದು ವರ್ಷ ಚಿಲ್ಲರೆ ಸ್ವತಂತ್ರರಾಗಿ ಬದುಕಿ 1858ರಲ್ಲಿ ತೀರಿಕೊಂಡರು. ಊರಿನ ಉತ್ತರಕ್ಕಿರುವ ಕ್ಯಾಲ್ವರಿ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅಲ್ಲಿಗೆ ಬಂದವರು ಲಿಂಕನ್‌ರ ಮುಖವಿರುವ ಒಂದು ಸೆಂಟಿನ ನಾಣ್ಯವನ್ನು ಕಲ್ಲಿನ ಮೇಲೆ ಇಟ್ಟು ಹೋಗುತ್ತಾರೆ. ಕೆಲವು ಹೊಳೆಯುತ್ತಿರುತ್ತವೆ, ಕೆಲವು ಮಳೆಗೆ ಕಪ್ಪಾಗಿರುತ್ತವೆ. ನ್ಯಾಯಾಲಯದಿಂದ ಅಲ್ಲಿಗೆ ಕಾರಿನಲ್ಲಿ ಹೋಗಬೇಕು. ದಯವಿಟ್ಟು ಹೋಗಿ ಬನ್ನಿ.

ಪ್ರಶ್ನೆ: ನಾನು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೇನೆ. ಕಮಾನಿನ ಎರಡು ಕಾಲುಗಳನ್ನು ಅಷ್ಟು ಎತ್ತರದಲ್ಲಿ ಹೇಗೆ ಜೋಡಿಸಿದರು? ಪಕ್ಕದ ಹಳೆಯ ಸೇತುವೆಯೂ ನೋಡತಕ್ಕದ್ದೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎರಡನ್ನೂ ಒಟ್ಟಿಗೇ ನೋಡಬೇಕು, ಏಕೆಂದರೆ ಒಂದರ ಸಮಸ್ಯೆಯೇ ತೊಂಬತ್ತೆರಡು ವರ್ಷಗಳ ನಂತರ ಇನ್ನೊಂದರಲ್ಲಿ ಮರುಕಳಿಸಿತು.

ಸರಪಳಿಯೊಂದರ ಎರಡು ಕೊನೆಗಳನ್ನು ಹಿಡಿದು ಇಳಿಬಿಟ್ಟರೆ ಅದು ತಾನಾಗಿ ಒಂದು ಬಾಗು ಪಡೆಯುತ್ತದೆ. ಅದನ್ನು ತಲೆಕೆಳಗು ಮಾಡಿದರೆ ಭಾರವೆಲ್ಲ ಒತ್ತಡವಾಗಿ ಕಾಲುಗಳ ಮೂಲಕ ನೆಲಕ್ಕಿಳಿಯುವ ಕಮಾನಾಗುತ್ತದೆ. ಕಮಾನನ್ನು ರೂಪಿಸಿದ ವಾಸ್ತುಶಿಲ್ಪಿ ಈರೋ ಸಾರಿನೆನ್ ಅವರ ವಿನ್ಯಾಸದ ತಳಹದಿ ಅದು. ಬುಡ ದಪ್ಪ, ತುದಿ ಸಪೂರ ಇರುವುದರಿಂದ ಸರಪಳಿಯ ಕೊಂಡಿಗಳೂ ಕೊನೆಗಳಲ್ಲಿ ಭಾರ, ನಡುವೆ ಹಗುರ ಎಂದು ಲೆಕ್ಕ ಹಿಡಿದರು. ಕಮಾನಿನ ಅಡ್ಡಕೊಯ್ತ ಸಮಬಾಹು ತ್ರಿಕೋನ: ಬುಡದಲ್ಲಿ ಒಂದು ಬಾಹು 54 ಅಡಿ, ತುದಿಯಲ್ಲಿ 17 ಅಡಿ. ಎತ್ತರ 630 ಅಡಿ, ಅಗಲವೂ ಅಷ್ಟೇ. ನೋಡುವವರಿಗೆ ಎತ್ತರವೇ ಹೆಚ್ಚೆನ್ನಿಸುವುದು ಕಣ್ಣಿನ ಭ್ರಮೆ. ಎರಡು ಕಾಲುಗಳನ್ನೂ ಬೇರೆ ಬೇರೆಯಾಗಿ ಮೇಲೇರಿಸುತ್ತ ಹೋದರು. ಬುಡದ ಅಳತೆಯಲ್ಲಿ ಅಂಗುಲದ ಅರವತ್ತನಾಲ್ಕನೇ ಒಂದು ಭಾಗದಷ್ಟು ತಪ್ಪಿದ್ದರೂ ತುದಿಗಳು ಕೂಡುತ್ತಿರಲಿಲ್ಲ. 1965ರ ಅಕ್ಟೋಬರ್ 28ರಂದು ಕೊನೆಯ ತುಂಡನ್ನು ಕೂರಿಸುವ ದಿನ ಬಿಸಿಲಿಗೆ ದಕ್ಷಿಣದ ಕಾಲು ಹಿಗ್ಗಿತ್ತು. ಅಗ್ನಿಶಾಮಕ ದಳದ ಪೈಪುಗಳಿಂದ ಅದಕ್ಕೆ ನೀರು ಹಾಯಿಸಿ ತಣಿಸಿ, ಜಾಕಿಗಳಿಂದ ಕಾಲುಗಳನ್ನು ಅಗಲಿಸಿ ಆ ತುಂಡನ್ನು ಒಳಸೇರಿಸಿದರು. ಸಾರಿನೆನ್ 1961ರಲ್ಲೇ ತೀರಿಕೊಂಡಿದ್ದರು, ಒಂದು ತುಂಡು ಮೇಲೇರಿದ್ದನ್ನೂ ಅವರು ನೋಡಲಿಲ್ಲ. ಈ ಕೆಲಸದಲ್ಲಿ ಕಪ್ಪು ಕಾರ್ಮಿಕರಿಗೆ ಕುಶಲ ಕೆಲಸ ಕೊಡುತ್ತಿಲ್ಲವೆಂದು 1964ರಲ್ಲಿ ಪರ್ಸಿ ಗ್ರೀನ್ ಮತ್ತು ರಿಚರ್ಡ್ ಡೇಲಿ ಅರ್ಧ ಕಟ್ಟಿದ ಕಾಲನ್ನು ಹತ್ತಿ ಪ್ರತಿಭಟಿಸಿದ ಸಂಗತಿಯೂ ಈ ಕಟ್ಟೋಣದ ಚರಿತ್ರೆಗೆ ಸೇರಿದ್ದೇ.

ಈಗ ಉತ್ತರಕ್ಕೆ ಸ್ವಲ್ಪ ನಡೆದರೆ ಈಡ್ಸ್ ಸೇತುವೆ. ಜೇಮ್ಸ್ ಬುಕ್ಯಾನನ್ ಈಡ್ಸ್ ಅದಕ್ಕೂ ಮೊದಲು ಒಂದು ಸೇತುವೆಯನ್ನೂ ಕಟ್ಟಿದವರಲ್ಲ. ಮುಳುಗಿದ ದೋಣಿಗಳ ಸರಕನ್ನು ಎತ್ತುವ ಉದ್ಯಮದಲ್ಲಿ ನದಿಯ ತಳದಲ್ಲಿ ನಡೆದಾಡಿ, ಅಲ್ಲಿನ ಮರಳು ಹೇಗೆ ಸರಿಯುತ್ತದೆಂದು ಕಾಲಿನಿಂದಲೇ ಅರಿತಿದ್ದರು. ಆದ್ದರಿಂದಲೇ ಕಂಬಗಳು ಬಂಡೆಗೇ ಇಳಿಯಬೇಕೆಂದು ಹಠ ಹಿಡಿದರು. ತಳವಿಲ್ಲದ ದೊಡ್ಡ ಪೆಟ್ಟಿಗೆಯನ್ನು ನದಿಗಿಳಿಸಿ, ಒತ್ತಿದ ಗಾಳಿಯಿಂದ ನೀರನ್ನು ಹೊರಗಟ್ಟಿ, ಒಳಗೆ ಜನ ಮರಳು ತೋಡುತ್ತಿದ್ದಂತೆ ಮೇಲಿನ ಕಲ್ಲುಕಟ್ಟಡದ ಭಾರಕ್ಕೆ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಆ ಒತ್ತಡದಿಂದ ಬೇಗನೆ ಮೇಲೆ ಬಂದವರ ರಕ್ತದಲ್ಲಿ ಗಾಳಿಯ ಗುಳ್ಳೆಗಳೇಳುತ್ತವೆ ಎಂಬುದು ಆಗ ಗೊತ್ತಿರಲಿಲ್ಲ. ಹತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಜಾಮಿನೆ ತಾವೂ ಅದೇ ಬೇನೆಗೆ ಸಿಕ್ಕಿ ಬದುಕಿ ಉಳಿದರು. ದೋಣಿಗಳ ಸಂಚಾರಕ್ಕೆ ತಡೆಯಾಗದಂತೆ, ನದಿಯಲ್ಲಿ ಆನಿಕೆಗಳನ್ನೇ ನಿಲ್ಲಿಸದೆ ಕಂಬಗಳಿಂದ ಎರಡೂ ಕಡೆಗೆ ಉಕ್ಕಿನ ಕಮಾನುಗಳನ್ನು ಚಾಚುತ್ತ ಹೋದರು. 1873ರ ಸೆಪ್ಟೆಂಬರ್‌ನಲ್ಲಿ ಅವು ನಡುವೆ ಕೂಡಬೇಕಾದಾಗ ಬಿಸಿಲಿಗೆ ಉಕ್ಕು ಹಿಗ್ಗಿ ಕೊನೆಯ ಕೊಳವೆಗೆ ಜಾಗ ಸಾಲಲಿಲ್ಲ. ಕಮಾನಿಗೆ ಮಂಜುಗಡ್ಡೆ ಕಟ್ಟಿ ತಣಿಸಲು ನೋಡಿದರು, ಆಗಲಿಲ್ಲ. ಕೊನೆಗೆ ತಿರುಪು ಹಾಕಿ ಉದ್ದ ಹೊಂದಿಸಬಹುದಾದ, ಈಡ್ಸ್ ಮೊದಲೇ ಯೋಚಿಸಿಟ್ಟಿದ್ದ ಕೊಳವೆಯಿಂದ ಕೂಡಿಸಿದರು. 520 ಅಡಿಯ ನಡುಗಮಾನಿನ ಈ ಸೇತುವೆ 1874ರ ಜುಲೈ 4ರಂದು ತೆರೆಯಿತು. ಅದಕ್ಕೆ ಮೊದಲು, ಭದ್ರವಿಲ್ಲದ ಕಡೆ ಆನೆ ಹೆಜ್ಜೆಯಿಡುವುದಿಲ್ಲ ಎಂಬ ಜನರ ನಂಬಿಕೆಗಾಗಿ ಒಂದು ಆನೆಯನ್ನು ಅದರ ಮೇಲೆ ನಡೆಸಿ ತೋರಿಸಿದ್ದರು. ನೂರೈವತ್ತು ವರ್ಷಗಳ ಮೇಲೆ ಇಂದಿಗೂ ಕೆಳಹಂತದಲ್ಲಿ ಮೆಟ್ರೋಲಿಂಕ್ ರೈಲು, ಮೇಲೆ ವಾಹನಗಳು ಓಡುತ್ತವೆ. ಮೇಲಿನ ಕಾಲುದಾರಿಯಲ್ಲಿ ನಡೆದು ದಾಟಿ, ಇಲಿನಾಯ್ ದಂಡೆಯ ಮಾಲ್ಕಮ್ ಮಾರ್ಟಿನ್ ಉದ್ಯಾನಕ್ಕೆ ಹೋಗಿ ನಿಂತರೆ ಸೇತುವೆ, ಕಮಾನು, ಕಮಾನಿನ ನಡುವೆ ನ್ಯಾಯಾಲಯದ ಗುಮ್ಮಟ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ.

ಪ್ರಶ್ನೆ: ಅಮೆರಿಕದಲ್ಲಿ ಇನ್ನೂರೈವತ್ತು ವರ್ಷಕ್ಕಿಂತ ಹಳೆಯದು ಏನೂ ಇಲ್ಲ ಎನ್ನುತ್ತಾರೆ. ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ನಿಜವಲ್ಲ. ಸೇಂಟ್ ಲೂಯಿಸ್‌ನಿಂದ ನದಿ ದಾಟಿ ಅರ್ಧ ಗಂಟೆಯೊಳಗೆ ತಲುಪುವ ಕಹೋಕಿಯಾ ದಿಬ್ಬಗಳೇ ಅದಕ್ಕೆ ಉತ್ತರ. ಸುಮಾರು 1050ರಿಂದ 1200ರ ನಡುವೆ, ಅಂದರೆ ನಮ್ಮಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನರಿದ್ದ ನಗರವಿತ್ತು. ಮೆಕ್ಕೆಜೋಳ ಬೆಳೆಯುತ್ತಿದ್ದ ಆ ಜನ ಬುಟ್ಟಿಗಳಲ್ಲಿ ಮಣ್ಣು ಹೊತ್ತು ನೂರಿಪ್ಪತ್ತರಷ್ಟು ದಿಬ್ಬಗಳನ್ನು ಎಬ್ಬಿಸಿದರು. ಅವುಗಳಲ್ಲಿ ದೊಡ್ಡದಾದ ಮಾಂಕ್ಸ್ ದಿಬ್ಬ ನೂರು ಅಡಿ ಎತ್ತರ, ಅದರ ಬುಡ ಸುಮಾರು ಹದಿನಾಲ್ಕು ಎಕರೆ. 1982ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾಣ.

ಮೊದಲ ನೋಟಕ್ಕೆ ಅದು ಹುಲ್ಲು ಬೆಳೆದ ಗುಡ್ಡದಂತೆ ಕಾಣುತ್ತದೆ. ಹಂಪಿ, ಬೇಲೂರು ನೋಡಿದ ಕಣ್ಣು ಇಲ್ಲಿ ಕಲ್ಲು ಹುಡುಕಿ ನಿರಾಶೆ ಪಡಬಹುದು. ಮೆಟ್ಟಿಲು ಹತ್ತಿ ತುದಿಯಲ್ಲಿ ನಿಂತ ಮೇಲೆ ತಿಳಿಯುತ್ತದೆ: ಕೆಳಗಿನ ವಿಶಾಲ ಬಯಲನ್ನೂ ಮನುಷ್ಯರೇ ಮಟ್ಟಮಾಡಿದ್ದು, ಸುತ್ತಲಿನ ದಿಬ್ಬಗಳು ಒಂದು ಲೆಕ್ಕದಲ್ಲಿ ನಿಂತಿವೆ, ಪಶ್ಚಿಮದ ದಿಗಂತದಲ್ಲಿ ಕಮಾನು ಒಂದು ತೆಳು ಗೆರೆಯಂತೆ ಹೊಳೆಯುತ್ತಿದೆ. ಆ ಜನ ತಮ್ಮ ನಗರವನ್ನು ಏನೆಂದು ಕರೆಯುತ್ತಿದ್ದರೋ ಆ ಹೆಸರು ಉಳಿದಿಲ್ಲ. ಕಹೋಕಿಯಾ ಎಂಬುದು ಬಹುಕಾಲದ ನಂತರ ಅಲ್ಲಿದ್ದ ಬೇರೊಂದು ಬುಡಕಟ್ಟಿನ ಹೆಸರು.

ಸೇಂಟ್ ಲೂಯಿಸ್ ಊರಿನೊಳಗೂ ಇಂಥ ದಿಬ್ಬಗಳಿದ್ದವು. ಅದಕ್ಕೇ ಅದನ್ನು ದಿಬ್ಬಗಳ ನಗರವೆಂದು ಕರೆಯುತ್ತಿದ್ದರು. ದೊಡ್ಡ ದಿಬ್ಬವನ್ನು 1869ರ ಹೊತ್ತಿಗೆ ಅಗೆದು ಮುಗಿಸಿದರು. ಊರಿನ ದಕ್ಷಿಣದಲ್ಲಿ ಉಳಿದಿರುವ ಕೊನೆಯ ದಿಬ್ಬದ ಒಂದು ಭಾಗವನ್ನು 2009ರಲ್ಲಿ ಆ ಜನರ ವಂಶದವರೆಂದು ಹೇಳಿಕೊಳ್ಳುವ ಒಸೇಜ್ ಬುಡಕಟ್ಟಿನವರು ಹಣ ಕೊಟ್ಟು ಕೊಂಡುಕೊಂಡರು. ತಮ್ಮ ಹಿರಿಯರ ನೆಲವನ್ನು ಅವರು ಕ್ರಯಕ್ಕೆ ಪಡೆಯಬೇಕಾಯಿತೆಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ಪ್ರಶ್ನೆ: ವಿಜಯಪುರದವರು, ಈಗ ಷಿಕಾಗೋದಲ್ಲಿದ್ದೇವೆ. ಮಕ್ಕಳಿಬ್ಬರನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಹೆಚ್ಚು ಖರ್ಚಿಲ್ಲದೆ ಏನು ನೋಡಬಹುದು, ಯಾವಾಗ ಹೋಗಬೇಕು?

ಉತ್ತರ: ಜುಲೈ, ಆಗಸ್ಟ್ ಬೇಡ, ಬೆವರು ಆರದ ಸೆಕೆ ಇರುತ್ತದೆ. ಅಕ್ಟೋಬರ್ ಒಳ್ಳೆಯದು. ಬೆಳಗ್ಗೆ ಫಾರೆಸ್ಟ್ ಪಾರ್ಕ್‌ಗೆ ಹೋಗಿ. 1904ರ ವಿಶ್ವಮೇಳ ನಡೆದ ಈ ಉದ್ಯಾನದ ಮೃಗಾಲಯ, ಕಲಾ ಸಂಗ್ರಹಾಲಯ, ಇತಿಹಾಸ ಸಂಗ್ರಹಾಲಯ ಮೂರಕ್ಕೂ ಪ್ರವೇಶ ಶುಲ್ಕವಿಲ್ಲ. ಊರಿನವರು ಕೊಡುವ ಆಸ್ತಿ ತೆರಿಗೆಯ ಒಂದು ಪಾಲು ಅವುಗಳನ್ನು ನಡೆಸುತ್ತದೆ. ಮೃಗಾಲಯದಲ್ಲಿ ಹಕ್ಕಿಗಳ ನಡುವೆಯೇ ನಡೆದುಹೋಗುವ ದೊಡ್ಡ ಪಂಜರ ಆ ಮೇಳಕ್ಕೆಂದೇ ಕಟ್ಟಿದ್ದು. ಅದೇ ಮೇಳದಲ್ಲಿ ಫಿಲಿಪ್ಪೀನ್ಸ್‌ನಿಂದ ಸಾವಿರಕ್ಕೂ ಹೆಚ್ಚು ಜನರನ್ನು ತಂದು ಪ್ರದರ್ಶನಕ್ಕೆ ಇಟ್ಟಿದ್ದರೆಂಬುದನ್ನೂ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳಿ.

ಮಧ್ಯಾಹ್ನ ಯೂನಿಯನ್ ಸ್ಟೇಷನ್. 1894ರಲ್ಲಿ ತೆರೆದ ಈ ರೈಲು ನಿಲ್ದಾಣಕ್ಕೆ 1978ರಿಂದ ರೈಲು ಬರುವುದಿಲ್ಲ. ಈಗ ಅದು ಹೋಟೆಲು, ಮತ್ಸ್ಯಾಲಯ ಎಲ್ಲ ಆಗಿದೆ. ಆದರೆ ಮಹಡಿಯ ದೊಡ್ಡ ಹಜಾರ, ಬಣ್ಣದ ಗಾಜು, ಚಿನ್ನದ ಬಣ್ಣದ ಚಿತ್ತಾರ ಹಾಗೆಯೇ ಉಳಿದಿವೆ, ಹಜಾರ ನೋಡಲು ದುಡ್ಡು ಕೊಡಬೇಕಿಲ್ಲ. ಅದರ ಬಾಗಿಲ ಕಮಾನಿನ ಒಂದು ಬುಡದಲ್ಲಿ ಪಿಸುಗುಟ್ಟಿದ್ದು, ಬಾಗಿನ ಗುಂಟ ಸಾಗಿ ಎದುರಿನ ಬುಡದಲ್ಲಿ ನಿಂತವರಿಗೆ ಕೇಳುತ್ತದೆ. ಗೋಳಗುಮ್ಮಟದ ಊರಿನವರಾದ ನಿಮಗೆ ಇದನ್ನು ವಿವರಿಸಬೇಕಿಲ್ಲ. ಒಂದು ಮಗುವನ್ನು ಆ ಬದಿಗೆ, ಇನ್ನೊಂದನ್ನು ಈ ಬದಿಗೆ ನಿಲ್ಲಿಸಿ, ಇಬ್ಬರೂ ಗೋಡೆಗೆ ಮುಖ ಮಾಡಿರಲಿ, ಕೂಗಬಾರದೆಂದು ಹೇಳಿ. ಸದ್ದು ಕಡಿಮೆಯಿರುವ ಹೊತ್ತು ನೋಡಿಕೊಂಡು ಹೋದರೆ ಒಂದೊಂದು ಅಕ್ಷರವೂ ಕೇಳಿಸುತ್ತದೆ.